ಗಿರಣಿಯ ಮುಂದೆ ನಿಂತು ಕಲಿತದ್ದು

(ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುವವರು ಮತ್ತು ಸಣ್ಣ ಬೇಕರಿ ನಡೆಸುವವರು ಧಾರವಾಡದಲ್ಲಿ ಒಂದು ಸಂಜೆ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಮಸ್ಕಾರ. ಬರುವಾಗ ಒಂದು ಚೀಲ ತಂದಿದ್ದೇನೆ. ಮುಂದಿನ ಸಾಲಿನವರು ಒಂದೊಂದು ಹಿಡಿ ಕಾಳು ತೆಗೆದುಕೊಂಡು ಚೀಲವನ್ನು ಹಿಂದಕ್ಕೆ ದಾಟಿಸಿ. ಅಂಗೈಯಲ್ಲಿ ಹಾಕಿ ತಿಕ್ಕಿ ನೋಡಿ. ಹೊಟ್ಟು ಬಿಡುತ್ತಿಲ್ಲ, ಅಲ್ಲವೇ? ಮಾಮೂಲಿ ಗೋಧಿಯಾದರೆ ರಾಶಿ ಮಾಡುವಾಗಲೇ ಕಾಳು ಬೇರೆ, ಹೊಟ್ಟು ಬೇರೆ ಆಗಿಬಿಡುತ್ತದೆ. ಇದು ಜವೆಗೋಧಿ. ಒಂದು ಕವಚದೊಳಗೆ ಸಾಮಾನ್ಯವಾಗಿ ಎರಡು ಕಾಳು ಅವಿತು ಕೂತಿರುತ್ತವೆ. ಮಹಾರಾಷ್ಟ್ರದ ಕಡೆ ಇದಕ್ಕೇ ಖಪಲಿ ಅನ್ನುತ್ತಾರೆ. ನಮ್ಮ ಅಜ್ಜಿಯರು ಇದರಲ್ಲಿ ಹುಗ್ಗಿ ಮಾಡಿದರು, ಮಾದಲಿ ಮಾಡಿದರು, ಬೇಸಿಗೆಯಲ್ಲಿ ಶಾವಿಗೆ ಹೊಸೆದರು. ಬ್ರೆಡ್ಡು ಮಾತ್ರ ಯಾರೂ ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎನ್ನುವುದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ನಾನು ಬೇಕರಿ ಶುರು ಮಾಡಿದ್ದು ಮೈದಾ ಚೀಲದಿಂದ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರರು 19ನೇ ಶತಮಾನದ ಕೊನೆಯಿಂದ ಕಟ್ಟಿದ ಬೇಕರಿ ಪರಂಪರೆಯೂ ಮೈದಾದ ಮೇಲೆಯೇ ನಿಂತಿದೆ. ಆ ಬನ್ನು, ಆ ಖಾರ ಬಿಸ್ಕತ್ತು ತಿಂದು ಬೆಳೆದವರು ನಾವು. ರೋಲರ್ ಗಿರಣಿಯ ಮೈದಾ ಜನವರಿಯಲ್ಲಿ ಹೇಗಿರುತ್ತದೋ ಜುಲೈಯಲ್ಲೂ ಹಾಗೆಯೇ ಇರುತ್ತದೆ. ಹತ್ತಾರು ಊರಿನ ಗೋಧಿಯನ್ನು ಬೆರೆಸಿ, ತೌಡು ತೆಗೆದು, ಮೊಳಕೆ ಭಾಗ ತೆಗೆದು, ಒಂದೇ ಹದಕ್ಕೆ ತಂದು ಕೊಡುತ್ತಾರೆ. ನಾವು ದುಡ್ಡು ಕೊಡುವುದು ಬರೀ ಹಿಟ್ಟಿಗಲ್ಲ, ಆ ಒಂದೇ ಸಮನಾದ ಹದಕ್ಕೆ. ಹತ್ತಿರದ ರೈತರ ಹತ್ತಿರ ಹೋದ ದಿನ ಆ ಹದ ನಮಗೆ ಸಿಗುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಚೀಲದಲ್ಲಿ ಕೊಳ್ಳುತ್ತಿದ್ದ ಹದವನ್ನು ಇನ್ನು ಮೇಲೆ ನಮ್ಮ ಕೈಯೇ ಮಾಡಬೇಕು. ಅದಕ್ಕೆ ತಯಾರಿಲ್ಲದೆ ಸಂತೆಯಿಂದ ಬೆಣ್ಣೆ, ಹೊಲದಿಂದ ಗೋಧಿ ಅಂತ ಹೊರಟರೆ ಆರು ತಿಂಗಳಲ್ಲಿ ವಾಪಸ್ ಮೈದಾ ಚೀಲಕ್ಕೇ ಬರುತ್ತೇವೆ. ತಪ್ಪನ್ನು ರೈತನ ತಲೆಗೆ ಕಟ್ಟಿ ಬರುತ್ತೇವೆ, ಅದು ಇನ್ನೂ ಕೆಟ್ಟದ್ದು.

ಗೋಧಿಯಿಂದಲೇ ಶುರು ಮಾಡೋಣ. ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಸೀಮೆಯಲ್ಲಿ ಮೂರು ಜಾತಿಯ ಗೋಧಿ ಬೆಳೆಯುತ್ತದೆ. ಒಂದು, ಚಪಾತಿಗೆ ಬಳಸುವ ಸಾಮಾನ್ಯ ಗೋಧಿ. ಬ್ರೆಡ್ಡಿಗೆ ಆಗುವುದೂ ಇದೇ. ಎರಡನೆಯದು ಡ್ಯೂರಮ್, ಕಾಳು ಗಟ್ಟಿ, ಬಣ್ಣ ಹಳದಿ, ರವೆಗೆ ಹೇಳಿ ಮಾಡಿಸಿದ್ದು. ಎರೆ ಹೊಲದಲ್ಲಿ ಹಿಂಗಾರಿಗೆ, ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬರುವ ಬೆಳೆ. ಮೂರನೆಯದು ನಿಮ್ಮ ಕೈಯಲ್ಲಿರುವ ಜವೆ. ಇಲ್ಲಿಯ ಕೃಷಿ ವಿಶ್ವವಿದ್ಯಾಲಯ ಮೂರರ ಮೇಲೂ ಕೆಲಸ ಮಾಡಿದೆ. ಜವೆಯಲ್ಲಿ ಡಿಡಿಕೆ 1025, ಡಿಡಿಕೆ 1029 ಅನ್ನುವ ಗಿಡ್ಡ ತಳಿಗಳು ಇಲ್ಲಿಂದಲೇ ಬಂದವು. ಅಜ್ಜನ ಕಾಲದ ಜವೆ ಎತ್ತರಕ್ಕೆ ಬೆಳೆದು ಗಾಳಿಗೆ ಮಲಗಿಬಿಡುತ್ತಿತ್ತು. ಗಿಡ್ಡ ತಳಿ ಬಂದದ್ದರಿಂದಲೇ ಈ ಬೆಳೆ ಇನ್ನೂ ಹೊಲದಲ್ಲಿ ಉಳಿದಿದೆ ಎಂದು ನನಗೆ ಗೋಧಿ ಕೊಡುವ ರೈತರು ಹೇಳುತ್ತಾರೆ.

ಈಗ ಬ್ರೆಡ್ಡಿನ ಮಾತು. ಕಣಕಕ್ಕೆ ಹಿಗ್ಗುವ ಗುಣ ಕೊಡುವ ಗೋಧಿಯ ಅಂಟು, ಅಂದರೆ ಗ್ಲುಟೆನ್, ಜವೆಯಲ್ಲಿ ಇದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲ ಎಂದು ಚೀಟಿ ಅಂಟಿಸಿ ಮಾರುವುದನ್ನು ಕಣ್ಣಾರೆ ಕಂಡಿದ್ದೇನೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆ ಅಂಥ ಬಿಸ್ಕತ್ತು ಕೊಟ್ಟರೆ ಆ ಮಗು ನರಳುತ್ತದೆ. ದಯವಿಟ್ಟು ನಿಮ್ಮಲ್ಲಿ ಯಾರೂ ಹಾಗೆ ಬರೆಯಬೇಡಿ. ಗ್ಲುಟೆನ್ ಇದೆ, ಆದರೆ ಅದು ಬ್ರೆಡ್ಡಿನ ಗೋಧಿಯದರಂತೆ ಹಿಗ್ಗಿ, ಗಾಳಿ ಹಿಡಿದು ನಿಲ್ಲುವುದಿಲ್ಲ. ನಾನು ಮೊದಲ ಸಲ ಪೂರ್ತಿ ಜವೆ ಹಿಟ್ಟಿನಲ್ಲಿ ಬ್ರೆಡ್ಡು ಮಾಡಿದಾಗ, ಮೈದಾಕ್ಕೆ ನಾದುವಂತೆಯೇ ಇಪ್ಪತ್ತು ನಿಮಿಷ ನಾದಿದೆ. ಕಣಕ ಮೊದಲು ಬಿಗಿಯಾಯಿತು, ಆಮೇಲೆ ಹರಿದು ಅಂಟಂಟಾಯಿತು. ಒಲೆಯಿಂದ ಬಂದದ್ದು ಇಟ್ಟಿಗೆ. ಜವೆಯನ್ನು ಕಡಿಮೆ ನಾದಬೇಕು, ಹಿಟ್ಟು ನೀರು ಕೂಡಿಸಿ ಮುಕ್ಕಾಲು ಗಂಟೆ ಸುಮ್ಮನೆ ಬಿಡಬೇಕು, ಅಚ್ಚಿನ ಡಬ್ಬಿಯಲ್ಲೇ ಬೇಯಿಸಬೇಕು, ಅದರದೇ ಗಾತ್ರಕ್ಕೆ ತೃಪ್ತಿಪಡಬೇಕು. ಈಗ ನಾನು ಮೂರರಲ್ಲಿ ಒಂದು ಪಾಲು ಜವೆ, ಎರಡು ಪಾಲು ಇಲ್ಲಿಯದೇ ಚಪಾತಿ ಗೋಧಿ ಹಾಕುತ್ತೇನೆ. ಉಬ್ಬುತ್ತದೆ, ಪರಿಮಳವೂ ಉಳಿಯುತ್ತದೆ.

ಆದರೆ ನನ್ನ ಕಣ್ಣು ತೆರೆಸಿದ್ದು ಬ್ರೆಡ್ಡಲ್ಲ, ನಾನಖಟಾಯಿ. ಬಿಸ್ಕತ್ತಿಗೆ, ನಾನಖಟಾಯಿಗೆ ಗ್ಲುಟೆನ್ ಹಿಗ್ಗುವುದು ಬೇಕಾಗಿಯೇ ಇಲ್ಲ, ಹಿಗ್ಗಿದರೆ ಕೆಡುತ್ತದೆ. ನಾವು ಮೈದಾದಲ್ಲಿ ಬಿಸ್ಕತ್ತು ಮಾಡುವಾಗ ಹೆಚ್ಚು ಕಲಸಬೇಡ ಎಂದು ಹುಡುಗರಿಗೆ ಗದರಿಸುತ್ತೇವಲ್ಲ, ಜವೆಯಲ್ಲಿ ಆ ಭಯವೇ ಇಲ್ಲ. ಬ್ರೆಡ್ಡಿನಲ್ಲಿ ಕುಂದು ಎನಿಸಿದ್ದು ಬಿಸ್ಕತ್ತಿನಲ್ಲಿ ಗುಣವಾಯಿತು. ಈ ಮಣ್ಣಿನ ಗೋಧಿಗೆ ಬೇರೆ ದೇಶದ ಬ್ರೆಡ್ಡು ಮಾಡು ಎಂದು ನಾನು ಎರಡು ವರ್ಷ ದುಂಬಾಲು ಬಿದ್ದಿದ್ದೆ. ಅದು ತನಗೆ ಏನು ಬರುತ್ತದೆ ಅಂತ ಹೇಳುತ್ತಲೇ ಇತ್ತು.

ಜೋಳದಲ್ಲೂ ಇದೇ ಪಾಠ. ಜೋಳದಲ್ಲಿ ಗ್ಲುಟೆನ್ ನಿಜಕ್ಕೂ ಇಲ್ಲ. ಹಾಗಾದರೆ ರೊಟ್ಟಿ ಹರಿಯದೆ ಹೇಗೆ ಬರುತ್ತದೆ? ಇಲ್ಲಿ ಕೂತಿರುವ ತಾಯಂದಿರಿಗೆ ಗೊತ್ತು. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಜಿಗಿ ಬರುವ ತನಕ ನಾದುತ್ತಾರೆ. ಕುದಿನೀರಿಗೆ ಪಿಷ್ಟ ಬೆಂದು ನೀರು ಹಿಡಿಯುತ್ತದೆ, ಅಂಟು ಬರುತ್ತದೆ. ಬಹಳ ದಿನ ಇಟ್ಟ ಹಿಟ್ಟಿಗೆ ಜಿಗಿ ಇರುವುದಿಲ್ಲ ಎಂದು ಮೂಗು ಮುರಿಯುವವರು ನಮ್ಮ ಮನೆಯಲ್ಲೇ ಇದ್ದರು. ನಾನು ಬೇಕರಿ ಕಲಿಯಲು ಕ್ಲಾಸಿಗೆ ಹೋದಾಗ, ಹಿಟ್ಟಿನ ಒಂದು ಭಾಗವನ್ನು ಬಿಸಿನೀರಲ್ಲಿ ಬೇಯಿಸಿ ಬ್ರೆಡ್ಡಿಗೆ ಸೇರಿಸಿದರೆ ಮೂರು ದಿನ ಮೆತ್ತಗಿರುತ್ತದೆ ಎಂದು ಜಪಾನಿನ ಹೆಸರು ಹೇಳಿ ಕಲಿಸಿದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು, 'ಎಸರು ಇಡದ ರೊಟ್ಟಿ ಯಾರು ಬಡೀತಾರ?' ಅಂದಳು. ಆ ವಾರವೇ ಜೋಳದ ಹಿಟ್ಟಿಗೆ ಎಸರು ಹಾಕಿ, ಆರಿಸಿ, ಗೋಧಿ ಕಣಕದಲ್ಲಿ ಐದರಲ್ಲೊಂದು ಪಾಲು ಸೇರಿಸಿದೆ. ನನ್ನ ಅಂಗಡಿಯಲ್ಲಿ ಈಗ ಅತಿ ಹೆಚ್ಚು ಹೋಗುವ ಬ್ರೆಡ್ಡು ಅದೇ.

ಇನ್ನು ಗಿರಣಿ. ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಹತ್ತಿರದ ಹೊಲದಿಂದ ತರಿಸುವುದು ಎಂದಾಗ ನಾವು ರೈತನನ್ನು ನೆನೆಯುತ್ತೇವೆ, ನಮ್ಮನ್ನು ನೆನೆಯುತ್ತೇವೆ. ನಡುವೆ ಇರುವವನನ್ನು ಮರೆಯುತ್ತೇವೆ. ಜವೆ ಬೆಳೆಯುವ ರೈತರು ನನಗೆ ಮೊದಲ ವರ್ಷವೇ ಸಿಕ್ಕರು. ಕವಚ ಬಿಡಿಸಿಕೊಡುವವರು ಸಿಗಲಿಲ್ಲ. ಹಿಂದೆ ಕಾಳಿಗೆ ನೀರು ಚಿಮುಕಿಸಿ ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದರು. ಅದು ಹಬ್ಬಕ್ಕೆ ಸಾಕು, ಬೇಕರಿಗೆ ಸಾಲದು. ಯಂತ್ರ ಇದೆ ಎಂದ ಒಂದು ಗಿರಣಿಗೆ ಎರಡು ಕ್ವಿಂಟಲ್ ಒಯ್ದೆ. ಅವರು ಬೇರೆ ಧಾನ್ಯಕ್ಕೆ ಕೂಡಿಸಿದ್ದ ಯಂತ್ರದಲ್ಲಿ ಹಾಗೆಯೇ ಹಾಕಿದರು. ಅರ್ಧ ಕಾಳು ನುಚ್ಚಾಯಿತು, ಉಳಿದದ್ದರಲ್ಲಿ ಹೊಟ್ಟು ಹಾಗೆಯೇ ಉಳಿಯಿತು. ಆ ನುಚ್ಚನ್ನು ಎಷ್ಟು ದಿನ ಹುಗ್ಗಿ ಮಾಡಿ ಉಂಡೆವೋ ದೇವರಿಗೇ ಗೊತ್ತು. ಆಮೇಲೆ ಒಬ್ಬ ಹಿರಿಯರ ಸಣ್ಣ ಗಿರಣಿ ಸಿಕ್ಕಿತು. ಅವರು ಎರಡು ಕೆ.ಜಿ. ಹಾಕಿ ನೋಡಿ, ಅಂತರ ಬದಲಿಸಿ, ಮತ್ತೆ ಹಾಕಿ, ಒಂದು ಮಧ್ಯಾಹ್ನವನ್ನೇ ನನಗೆ ಕೊಟ್ಟರು. ನಾನು ಬೇಕರಿ ಕಲಿತದ್ದು ಆ ಮಧ್ಯಾಹ್ನ, ಆ ಗಿರಣಿಯ ಮುಂದೆ ನಿಂತು ಎಂದರೆ ಹೆಚ್ಚಾಗಲಿಕ್ಕಿಲ್ಲ. ಕವಚ ಬಿಟ್ಟ ಮೇಲೆ ಸುಮಾರು ಕಾಲುಭಾಗ ತೂಕ ಹೊಟ್ಟಿಗೆ ಹೋಗುತ್ತದೆ. ಜವೆ ತುಟ್ಟಿ ಯಾಕೆ ಎಂದು ರೈತನ ಜೊತೆ ಚೌಕಾಶಿ ಮಾಡುವ ಮುಂಚೆ ಈ ಕಾಲುಭಾಗ ನೆನಪಿರಲಿ.

ಆದರೆ ಆ ಕವಚಕ್ಕೆ ಒಂದು ಉಪಕಾರ ಬುದ್ಧಿಯೂ ಇದೆ. ಹುಳ ಬೇಗ ಹತ್ತಲು ಬಿಡುವುದಿಲ್ಲ. ಹಾಗಾಗಿ ವರ್ಷದ ಕಾಳನ್ನು ಕವಚದಲ್ಲೇ, ಒಣಗಿದ ಬೇವಿನ ಸೊಪ್ಪು ಹಾಕಿ ಇಡುತ್ತೇವೆ. ತಿಂಗಳಿಗೆ ಬೇಕಾದಷ್ಟೇ ಬಿಡಿಸುತ್ತೇವೆ, ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸುತ್ತೇವೆ. ಕಲ್ಲಿನ ಗಿರಣಿಯ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆ ಇರುತ್ತದೆ. ರುಚಿ ಕೊಡುವುದೂ ಅದೇ, ಬಹಳ ದಿನ ಇಟ್ಟರೆ ಕಹಿ ಮಾಡುವುದೂ ಅದೇ. ಇನ್ನೊಂದು ಮಾತು: ಬೀಸಿದ ಹಿಟ್ಟು ಬಿಸಿ ಇರುತ್ತದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಬೇಡಿ. ಬಟ್ಟೆಯ ಮೇಲೆ ಹರವಿ ಆರಿಸಿ.

ಬೆಲ್ಲಕ್ಕೆ ಬರುತ್ತೇನೆ. ನಮಗೆ ಮಹಾಲಿಂಗಪುರ, ಸಂಕೇಶ್ವರ ದೂರವಲ್ಲ. ಗಾಣದ ಹಂಗಾಮಿನಲ್ಲಿ ಹೋದರೆ ಕೊಪ್ಪರಿಗೆಯ ಮುಂದೆಯೇ ನಿಂತು ಕೊಳ್ಳಬಹುದು. ಬೇಕರಿಯವರು ಒಂದು ತಪ್ಪು ಮಾಡುತ್ತೇವೆ, ಹಳದಿ ಬೆಲ್ಲ ಕೇಳುತ್ತೇವೆ. ಹಳದಿ ಬೇಕು ಎಂದು ನಾವು ಕೇಳುವುದರಿಂದಲೇ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬೀಳುತ್ತದೆ. ಬೆಂಡೆಯ ಲೋಳೆ, ಸುಣ್ಣದ ತಿಳಿ ಹಾಕಿ ಕೊಳೆ ತೆಗೆದ ಬೆಲ್ಲ ಕಂದು ಬಣ್ಣದ್ದೇ ಆಗಿರುತ್ತದೆ. ಕೇಕು ಹೇಗೂ ಕಂದು ಆಗುವಂಥದ್ದು, ನಮಗೇಕೆ ಹಳದಿ ಬೆಲ್ಲ? ಕರಗಿಸಿ ಸೋಸಿಕೊಳ್ಳಿ, ಒಲೆಯ ಉರಿ ಹತ್ತು ಡಿಗ್ರಿ ಇಳಿಸಿ, ಯಾಕೆಂದರೆ ಬೆಲ್ಲದ ಕೇಕು ಸಕ್ಕರೆಯದಕ್ಕಿಂತ ಬೇಗ ಬಣ್ಣ ತಿರುಗುತ್ತದೆ. ಬೆಲ್ಲದಲ್ಲಿ ತುಸು ಹುಳಿ ಇರುವುದರಿಂದ ಸೋಡಾ ಅದರ ಜೊತೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರುತ್ತದೆ. ಧಾರವಾಡದ ಜುಲೈಯಲ್ಲಂತೂ ಕೇಳಬೇಡಿ. ಆಗ ಪಾಕದ ನೀರು ಕಡಿಮೆ ಮಾಡಿಕೊಳ್ಳಬೇಕು. ಮಲೆನಾಡಿನ ನೆಂಟರಿದ್ದರೆ ನೀರಾಗಿರುವ ಜೋನಿ ಬೆಲ್ಲ ತರಿಸಿ. ಶುಂಠಿ ಕೇಕಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಬೆಲ್ಲದ ವಿಷಯದಲ್ಲೇ ಒಂದು ಕಹಿ ಮಾತು ಹೇಳಬೇಕು. ಹತ್ತಿರದ್ದೆಲ್ಲ ಭೂಮಿಗೆ ಒಳ್ಳೆಯದಲ್ಲ. ಕಬ್ಬು ವರ್ಷವಿಡೀ ನೀರು ಕುಡಿಯುವ ಬೆಳೆ. ಅದೇ ಎರೆ ಹೊಲದ ಹಿಂಗಾರಿ ಜೋಳ ಮಳೆ ನಿಂತ ಮೇಲೆ ಬಿತ್ತಿ, ಒಂದು ಹನಿ ನೀರು ಹಾಯಿಸದೆ ಬರುತ್ತದೆ. ಇಪ್ಪತ್ತು ಕಿ.ಮೀ. ದೂರದ ಬೆಲ್ಲ, ಎಂಬತ್ತು ಕಿ.ಮೀ. ದೂರದ ಜೋಳ ಎರಡನ್ನೂ ತೂಗಿದರೆ ಕಿಲೋಮೀಟರು ಪೂರ್ತಿ ಕಥೆ ಹೇಳುವುದಿಲ್ಲ. ಅದಕ್ಕೇ ನಾನು ಬೆಲ್ಲದವರ ಹತ್ತಿರ ಮೊದಲು ಕೇಳುವ ಪ್ರಶ್ನೆ ಬೆಲೆಯದಲ್ಲ: 'ರವದಿ ಸುಡ್ತೀರೋ, ಹೊಲದಾಗ ಬಿಡ್ತೀರೋ?' ರವದಿಯನ್ನು, ಅಂದರೆ ಕಬ್ಬಿನ ಒಣ ಗರಿಯನ್ನು, ಸುಡದೆ ಮಣ್ಣಿಗೆ ಹೊದಿಸುವವನ ಹೊಲದಲ್ಲಿ ಹಸಿ ಉಳಿಯುತ್ತದೆ, ನೀರು ಕಡಿಮೆ ಸಾಕಾಗುತ್ತದೆ. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಅವರ ಕೃಷಿಯ ಬಗ್ಗೆ ಒಂದು ಹಾಳೆ ಪ್ರಮಾಣಪತ್ರಕ್ಕಿಂತ ಹೆಚ್ಚು ತಿಳಿಯುತ್ತದೆ. ಪ್ರಮಾಣಪತ್ರ ಬೇಡ ಎನ್ನುತ್ತಿಲ್ಲ. ಪಿಜಿಎಸ್ ಎಂಬ ಸಾವಯವ ಖಾತರಿ ಪದ್ಧತಿಯಲ್ಲಿ ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ. ಸಣ್ಣವರಿಗೆ ಅದು ನಿಲುಕುವ ದಾರಿ. ಆದರೂ ವರ್ಷಕ್ಕೆ ಒಂದು ಸಲವಾದರೂ ಹೊಲಕ್ಕೆ ಹೋಗಿ ಬನ್ನಿ.

ಬೆಣ್ಣೆ ವಿಷಯದಲ್ಲಿ ನಾನು ಒಂದು ಮದುವೆಯ ಮನೆಗೆ ತಲೆ ತಗ್ಗಿಸಬೇಕಾಯಿತು. ಸಂತೆಯಲ್ಲಿ ಒಬ್ಬ ಅಜ್ಜಿ ತರುವ ಬೆಣ್ಣೆ, ಮೊಸರು ಕಡೆದು ತೆಗೆದದ್ದು, ಹುಳಿಯ ಪರಿಮಳ. ಕಂಪನಿ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು ಇರುತ್ತದೆ. ಕೈಯಲ್ಲಿ ತೆಗೆದ ಬೆಣ್ಣೆಯಲ್ಲಿ ನೀರು ಎಷ್ಟಿದೆ ಎನ್ನುವುದು ಅವತ್ತಿನ ಕೈಗೆ ಸೇರಿದ್ದು. ನಾನು ತೂಕಕ್ಕೆ ತೂಕ ಹಾಕಿದೆ. ಐನೂರು ಬಿಸ್ಕತ್ತು ತಟ್ಟೆಯ ಮೇಲೆ ಹರಿದು ಒಂದಕ್ಕೊಂದು ಅಂಟಿದವು. ಈಗ ಏನು ಮಾಡುತ್ತೇನೆಂದರೆ, ತಂದ ಬೆಣ್ಣೆಯನ್ನು ತಣ್ಣೀರಲ್ಲಿ ತೊಳೆದು, ಮರದ ಹುಟ್ಟಿನಿಂದ ಒತ್ತಿ ನೀರು ಹಿಂಡುತ್ತೇನೆ. ನೂರು ಗ್ರಾಂ ಕಾಯಿಸಿ ತುಪ್ಪ ಎಷ್ಟು ಬಂತೆಂದು ತೂಗುತ್ತೇನೆ. ಹತ್ತು ನಿಮಿಷದ ಕೆಲಸ. ಆಮೇಲೆ ಅದಕ್ಕೆ ತಕ್ಕಂತೆ ಹಿಟ್ಟು. ಹದ ನಮ್ಮ ಕೈಗೆ ಬರಬೇಕು ಅಂದೆನಲ್ಲ, ಅದು ಇದೇ.

ಕೊನೆಗೆ ವೆನಿಲಾ, ಕೋಕೋ. ಹೊರದೇಶದವು ಎಂದುಕೊಂಡಿರುತ್ತೇವೆ. ಆದರೆ ನಮ್ಮ ಮಲೆನಾಡಿನವರಿಗೆ ವೆನಿಲಾ ಎಂದರೆ ಇವತ್ತಿಗೂ ಎದೆ ಚುಳ್ಳೆನ್ನುತ್ತದೆ. 2003ರ ಹೊತ್ತಿಗೆ ಹಸಿ ಕೋಡಿಗೆ ಕೆ.ಜಿ.ಗೆ ಸಾವಿರಾರು ರೂಪಾಯಿ ಬಂತು. ಅಡಿಕೆ ತೋಟದವರು ಬಳ್ಳಿ ಹಬ್ಬಿಸಿದರು, ಕಳ್ಳರ ಭಯಕ್ಕೆ ರಾತ್ರಿ ಕಾವಲು ಕೂತರು. ಆ ಹೂವು ಒಂದೇ ದಿನ ಅರಳಿರುತ್ತದೆ, ಇಲ್ಲಿ ಅದಕ್ಕೆ ಪರಾಗ ಮುಟ್ಟಿಸುವ ಕೀಟವಿಲ್ಲ. ಒಂದೊಂದು ಹೂವಿಗೂ ಕಡ್ಡಿಯಿಂದ ಕೈಯಲ್ಲೇ ಮಾಡಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ ತೋರಿಸಿಕೊಟ್ಟ ಕೈಚಳಕ ಅದು. ಶಿರಸಿ, ಸಾಗರ, ಪುತ್ತೂರಿನ ಹೆಣ್ಣುಮಕ್ಕಳು ಬೆಳಗಿನ ಜಾವ ಎದ್ದು ಅದನ್ನೇ ಮಾಡಿದರು. ಒಂದೆರಡು ವರ್ಷದಲ್ಲಿ ಬೆಲೆ ಕುಸಿಯಿತು. ಬಳ್ಳಿ ಕಿತ್ತು ಗುಂಡಿಗೆ ಹಾಕಿದರು. ಅದೇ ಹೊತ್ತಿನಲ್ಲಿ ಅವರ ಊರಿನ ಬೇಕರಿಯ ಕಪಾಟಿನಲ್ಲೂ, ನಮ್ಮ ಕಪಾಟಿನಲ್ಲೂ ಇದ್ದದ್ದು ಕೃತಕ ಎಸೆನ್ಸಿನ ಸಣ್ಣ ಬಾಟಲಿ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕೋಕೋ ಕಥೆ ಬೇರೆ ದಾರಿ ಹಿಡಿಯಿತು. ಅದಕ್ಕೂ 1980ರ ಸುಮಾರಿಗೆ ಇಂಥದೇ ಗತಿ ಬಂದಿತ್ತು, ಕೊಳ್ಳುವವರು ಹಿಂದೆ ಸರಿದಿದ್ದರು. ಆದರೆ ಆಗ ಅಡಿಕೆ ಬೆಳೆಗಾರರದೇ ಆದ ಕ್ಯಾಂಪ್ಕೋ ಇತ್ತು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಅದು ಕೋಕೋ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಯುವ ಊರಲ್ಲೇ ಕೊಳ್ಳುವ ಕೈ, ಮಾಡುವ ಕೈ ಇದ್ದದ್ದರಿಂದ ಅಡಿಕೆ ಮರದ ನೆರಳಲ್ಲಿ ಕೋಕೋ ಇಂದಿಗೂ ಇದೆ. ವೆನಿಲಾಕ್ಕೆ ಅಂಥ ಕೈಗಳು ಸಾಕಷ್ಟು ಇರಲಿಲ್ಲ. ನಾನು ಈಗ ಇನ್ನೂ ಬಳ್ಳಿ ಉಳಿಸಿಕೊಂಡಿರುವ ಒಂದು ಮನೆಯಿಂದ ವರ್ಷಕ್ಕೆ ಇಷ್ಟು ಎಂದು ಹದ ಮಾಡಿದ ಕೋಡು ತರಿಸುತ್ತೇನೆ. ಸೀಳಿ ಸಕ್ಕರೆಯ ಭರಣಿಯಲ್ಲಿ ಹೂತಿಡುತ್ತೇನೆ. ಎಲ್ಲದಕ್ಕೂ ಹಾಕಲು ನನಗೂ ಕೈಲಾಗದು. ಕಸ್ಟರ್ಡಿಗೆ, ಹಾಲಿನ ಕೇಕಿಗೆ ಮಾತ್ರ. ಉಳಿದದ್ದಕ್ಕೆ ಏಲಕ್ಕಿ ಇದೆಯಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಖರ್ಚಿನ ಬಗ್ಗೆ ಕೇಳಿದರು. ನನ್ನ ಲೆಕ್ಕದಲ್ಲಿ ಜವೆ ಹಿಟ್ಟು ಮೈದಾದ ಮೂರು ಪಟ್ಟಿನ ಹತ್ತಿರ ಬೀಳುತ್ತದೆ. ಆದರೆ ಬಿಸ್ಕತ್ತಿನಲ್ಲಿ ದುಡ್ಡು ತಿನ್ನುವುದು ಬೆಣ್ಣೆಯೇ ಹೊರತು ಹಿಟ್ಟಲ್ಲ. ಹಿಟ್ಟು ಮೂರು ಪಟ್ಟಾದರೂ ಬಿಸ್ಕತ್ತು ಮೂರು ಪಟ್ಟಾಗುವುದಿಲ್ಲ. ಬ್ರೆಡ್ಡಿನಲ್ಲಿ ಹೊಡೆತ ಜೋರು, ಅದಕ್ಕೇ ಬಿಸ್ಕತ್ತಿನಿಂದ ಶುರು ಮಾಡಿ ಎನ್ನುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ವರ್ಷ ಒಂದು ಸಾಮಾನು.

ರೈತರು ಮಾತು ತಪ್ಪಿದರೆ ಏನು ಮಾಡುವುದು ಎಂದು ಇನ್ನೊಬ್ಬರು. ನನ್ನ ಅನುಭವದಲ್ಲಿ ಹೆಚ್ಚು ಸಲ ಮಾತು ತಪ್ಪಿದ್ದು ಬೇಕರಿಯವರು. ರಾಶಿ ಆದ ಮೇಲೆ ಹೋಗಿ ಹತ್ತು ಕೆ.ಜಿ. ಕೇಳುತ್ತೇವೆ, ದೀಪಾವಳಿಗೆ ನೂರು ಕೆ.ಜಿ. ಕೇಳುತ್ತೇವೆ, ಆಮೇಲೆ ಆರು ತಿಂಗಳು ಫೋನಿಲ್ಲ. ನನಗೆ ಗೋಧಿ ಕೊಡುವವರು ಒಮ್ಮೆ ನೇರವಾಗಿಯೇ ಅಂದರು, 'ಅಕ್ಕಾರ, ನೀವು ಬಿತ್ತೂಮುಂದ ಹೇಳ್ರಿ, ಸುಗ್ಗ್ಯಾಗ ಹೇಳಬ್ಯಾಡ್ರಿ. ಇಲ್ಲಂದ್ರ ನಾ ಕಡ್ಲಿ ಹಾಕ್ಕೊಂತೀನಿ.' ಅವತ್ತಿನಿಂದ ಅಕ್ಟೋಬರಿಗೆ ಮುಂಚೆ ಕೂತು, ಎಷ್ಟು, ಯಾವ ಬೆಲೆ, ಮುಂಗಡ ಎಷ್ಟು ಎಂದು ಬರೆದುಕೊಳ್ಳುತ್ತೇವೆ. ಬೆಳೆ ಕೆಟ್ಟರೆ ಮುಂಗಡ ಮುಂದಿನ ವರ್ಷಕ್ಕೆ. ಇಷ್ಟೇ ಕಾಗದ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ಒಂದು ಸಣ್ಣ ಓವನ್, ತಿಂಗಳಿಗೆ ಐದು ಕೆ.ಜಿ. ಹಿಟ್ಟು ಸಾಕು, ನನ್ನಂಥವಳಿಗೆ ಯಾವ ರೈತರು ಬಿತ್ತುತ್ತಾರೆ ಎಂದು ಕೇಳಿದಳು. ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಒಂದು ಹಾಳೆ ತೆಗೆದು, ಯಾರಿಗೆ ಎಷ್ಟು ಜವೆ ಹಿಟ್ಟು ಬೇಕಾಗಬಹುದು, ಬರೆದು ಮುಂದಕ್ಕೆ ಕೊಡಿ ಅಂದೆ. ಚಹಾ ಮುಗಿಯುವ ಹೊತ್ತಿಗೆ ಹಾಳೆ ವಾಪಸ್ ಬಂತು. 11 ಹೆಸರು. ಒಟ್ಟು ತಿಂಗಳಿಗೆ 70 ಕೆ.ಜಿ., ವರ್ಷಕ್ಕೆ 840. ಕವಚದ ಕಾಲುಭಾಗ ಸೇರಿಸಿದರೆ ಹನ್ನೊಂದು ಕ್ವಿಂಟಲಿಗೆ ತುಸು ಮೇಲೆ. ನನಗೆ ಗೋಧಿ ಕೊಡುವ ರೈತರಿಗೆ ಅಲ್ಲೇ ಫೋನು ಹಚ್ಚಿ ಸ್ಪೀಕರಿನಲ್ಲಿ ಇಟ್ಟು ಲೆಕ್ಕ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ದನಿಯಿಲ್ಲ. ಆಮೇಲೆ, 'ಕಾಲುವಿ ಬಾಜೂದ ಎಕರೆ ಬಿಡ್ತೀನ್ರಿ. ಬೀಜ ಈ ಸಲ ಕೃಷಿಮೇಳದಾಗ ತರ್ತೀನಿ. ಅವರಿಗೆಲ್ಲಾ ಒಮ್ಮೆ ಹೊಲಾ ನೋಡಾಕ ಬರಾಕ ಹೇಳ್ರಿ' ಎಂದರು.